ಬೀಗದ ಊರಿನಲ್ಲಿ ಬೊಂಬೆಯ ಪೆಟ್ಟಿಗೆ

ದಿಂಡಿಗಲ್ಲೆಂದೊಡನೆ ಹೊರಗಿನವರಿಗೆ ಮೊದಲು ನೆನಪಾಗುವುದು ಬೀಗ. ಈ ಊರಿನ ಕೈಗೆಲಸದ ಬೀಗಗಳಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಅದಕ್ಕೂ ಬಹಳ ಹಿಂದಿನಿಂದಲೇ ಗುಡಿಗಳ ಬಾಗಿಲನ್ನೂ ಮನೆಗಳ ಉಗ್ರಾಣವನ್ನೂ ಕಾದುಕೊಂಡು ಬಂದದ್ದು ಇವೇ ಬೀಗಗಳು. ನಮ್ಮ ಮನೆಯ ಬೊಂಬೆಯ ಪೆಟ್ಟಿಗೆಗೂ ಮಾವಿನಕಾಯಿಯ ಆಕಾರದ ಇಂಥದೊಂದು ಬೀಗವಿತ್ತು. ಅದರ ಬೀಗದಕೈ ಸದಾ ನನ್ನ ತಾಯಿಯವರ ಸೆರಗಿನ ತುದಿಯಲ್ಲಿರುತ್ತಿತ್ತು. ಬಾಲ್ಯದಲ್ಲಿ ಒಮ್ಮೆ ನಾನು, "ಇಷ್ಟು ದೊಡ್ಡ ಬೀಗ ಹಾಕಿದ ಮೇಲೂ ವರ್ಷಕ್ಕೆ ಎರಡು ಸಲ ಏಕಮ್ಮ ತೆಗೆದು ನೋಡುತ್ತೀರಿ?" ಎಂದು ಕೇಳಿದ್ದೆ. "ಬೀಗ ಇರುವುದು ಕಳ್ಳನಿಗೆ ಕಣೋ, ಗೆದ್ದಲಿಗಲ್ಲ" ಎಂದರು. ಈ ಮಾತಿನ ಅರ್ಥ ನನಗಾದದ್ದು ಅವರು ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ.

ಮೂವತ್ತೈದು ವರ್ಷ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದವನು ನಾನು. ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸಿದೆ. ಆದರೆ ಮನೆಯ ಪೆಟ್ಟಿಗೆಯೊಳಗಿದ್ದ ಚರಿತ್ರೆಯನ್ನು ಕಾಪಾಡಿಕೊಳ್ಳಲಾಗಲಿಲ್ಲ. ಸಂಘದ ಸದಸ್ಯರ ಎಷ್ಟೋ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಇಂದಿಗೂ ಇರುವುದರಿಂದ, ನನಗಾದ ನಷ್ಟ ಇತರರಿಗೆ ಆಗದಿರಲೆಂಬ ಉದ್ದೇಶದಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ಈ ಸೀಮೆಯ ಕನ್ನಡಿಗರು

ದಿಂಡಿಗಲ್, ತೇನಿ, ಕಂಬಂ ಕಣಿವೆಗಳಲ್ಲಿ ಕನ್ನಡ ಮನೆಮಾತಾಗಿರುವ ಜನ ಬಹುಕಾಲದಿಂದ ನೆಲೆಸಿದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲಿ ಮದುರೈ ಜಿಲ್ಲೆಯ ಕಪ್ಪಿಲಿಯರನ್ನೂ ಅನುಪ್ಪರನ್ನೂ ಕನ್ನಡ ಮಾತನಾಡುವ ಬೇಸಾಯಗಾರರೆಂದು ಗುರುತಿಸಿದ್ದಾನೆ. ಅಂದಿನ ಮದುರೈ ಜಿಲ್ಲೆಯಲ್ಲಿ ಇಂದಿನ ದಿಂಡಿಗಲ್, ತೇನಿ ಜಿಲ್ಲೆಗಳೂ ಸೇರಿದ್ದವು. ಕಂಬಂ ಕಣಿವೆಯ ಒಕ್ಕಲಿಗರು, ನೇಯ್ಗೆಯ ದೇವಾಂಗದವರು, ಉದ್ಯೋಗಕ್ಕೋ ಮದುವೆಯ ಸಂಬಂಧದಿಂದಲೋ ಮೈಸೂರು ಸೀಮೆಯಿಂದ ಬಂದವರು, ಹೀಗೆ ಹಲವು ಬಗೆಯ ಕನ್ನಡಿಗರು ಇಲ್ಲಿ ಬೆರೆತಿದ್ದಾರೆ.

ಮೈಸೂರಿಗೂ ಈ ಊರಿಗೂ ರಾಜಕೀಯದ ನಂಟೂ ಉಂಟು. 1755ರಲ್ಲಿ ಹೈದರಾಲಿಯು ದಿಂಡಿಗಲ್ಲಿನ ಫೌಜುದಾರನಾಗಿ ನೇಮಕಗೊಂಡನು. ಅವನ ಏಳ್ಗೆ ಆರಂಭವಾದದ್ದು ಈ ಬಂಡೆಯ ಮೇಲಿನ ಕೋಟೆಯಿಂದಲೇ ಎನ್ನಬಹುದು. 1792ರ ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ದಿಂಡಿಗಲ್ ಇಂಗ್ಲಿಷರ ವಶವಾಯಿತು. ಆದರೆ ಕೋಟೆಯ ಚರಿತ್ರೆ ಬೇರೆ, ಮನೆಯ ಚರಿತ್ರೆ ಬೇರೆ. ಬೊಂಬೆಗಳು ಸೈನ್ಯದೊಂದಿಗೆ ಬಂದವಲ್ಲ, ಮದುಮಗಳೊಂದಿಗೆ ಬಂದವು.

ಬೊಂಬೆ ಕೂರಿಸುವ ಪದ್ಧತಿ ನಮ್ಮಲ್ಲಿ ಎಲ್ಲರ ಮನೆಯದೂ ಅಲ್ಲ. ಕಣಿವೆಯ ಒಕ್ಕಲು ಮನೆತನಗಳಿಗೆ ದನದ ಹಟ್ಟಿಯೂ ಕುಲದೇವರ ಗುಡಿಯೂ ಮುಖ್ಯ. ಆದರೆ ಕೂರಿಸುವ ಮನೆಗಳಲ್ಲಿ ಮಾತ್ರ ಅದಕ್ಕೆ ಕನ್ನಡದ ನಡೆಯೂ ತಮಿಳಿನ ನಡೆಯೂ ಒಟ್ಟಾಗಿ ಸೇರಿಕೊಂಡಿವೆ. ಮೆಟ್ಟಿಲು ಕಟ್ಟುವುದನ್ನು ನಾವು 'ಕೊಲು' ಎನ್ನುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಕೂರುವ ಜೋಡಿಯನ್ನು 'ಪಟ್ಟದ ಬೊಂಬೆ' ಎಂದೇ ಕರೆಯುತ್ತೇವೆ, ತಮಿಳರ 'ಮರಪ್ಪಾಚಿ' ಎಂಬ ಹೆಸರು ನಮ್ಮ ಮನೆಯಲ್ಲಿ ಎಂದೂ ಬಳಕೆಗೆ ಬರಲಿಲ್ಲ.

ಪೆಟ್ಟಿಗೆಯೊಳಗೆ ಏನಿತ್ತು

ತಾಯಿಯವರು ನಂಜನಗೂಡಿನ ಕಡೆಯಿಂದ 1946ರಲ್ಲಿ ಮದುವೆಯಾಗಿ ಬಂದವರು. ಅವರ ಜೊತೆಗೆ ಬಂದದ್ದು ಪಟ್ಟದ ಜೋಡಿ ಮತ್ತು ಕೆಲವು ಚನ್ನಪಟ್ಟಣದ ಬೊಂಬೆಗಳು. ಉಳಿದವು ಇಲ್ಲಿ ಸೇರಿದವು. ಅವರ ಕೊನೆಯ ಎಣಿಕೆಯಲ್ಲಿ ಒಟ್ಟು 63. ಒಂದೊಂದು ಬಗೆಯ ಬೊಂಬೆಗೂ ಒಂದೊಂದು ಊರು, ಒಂದೊಂದು ಗುಣ, ಒಂದೊಂದು ಶತ್ರು. ಇದನ್ನು ಅರಿಯದೆ ಎಲ್ಲವನ್ನೂ ಒಂದೇ ರೀತಿಯಲ್ಲಿ ಕಟ್ಟಿಡುವುದು ಮೊದಲನೆಯ ತಪ್ಪು.

ಪಟ್ಟದ ಬೊಂಬೆ ರಕ್ತಚಂದನದ್ದು. ಈ ಮರ ಶೇಷಾಚಲದ ಬೆಟ್ಟಗಳಲ್ಲಿಯೂ ಅದರ ಸುತ್ತಲಿನ ಪೂರ್ವಘಟ್ಟಗಳಲ್ಲಿಯೂ ಮಾತ್ರ ಸಹಜವಾಗಿ ಬೆಳೆಯುತ್ತದೆ. ತಿರುಪತಿಯಲ್ಲಿ ಇದರ ಬೊಂಬೆಗಳನ್ನು ಕೆತ್ತುವ ಕಸುಬು ಬಹಳ ಹಳೆಯದು. ಮರದ ತಿರುಳು ಭಾರ, ಗಟ್ಟಿ. ಹುಳು ಸುಲಭವಾಗಿ ಮುಟ್ಟುವುದಿಲ್ಲ. ಆದ್ದರಿಂದ ಈ ಜೋಡಿಗೆ ಅಪಾಯ ಬರುವುದು ಮೈಗಲ್ಲ, ಉಡುಗೆಗೆ. ರೇಷ್ಮೆಯ ತುಂಡು, ಜರಿ, ಮಣಿಯ ಸರ, ಗೋಂದಿನಿಂದ ಅಂಟಿಸಿದ ಕಿರೀಟ, ಇವನ್ನೇ ಬೆಳ್ಳಿಮೀನೆಂಬ ಹುಳುವೂ ಜಿರಲೆಯೂ ಹುಡುಕಿಕೊಂಡು ಬರುತ್ತವೆ.

ಚನ್ನಪಟ್ಟಣದ ಬೊಂಬೆ ಹಗುರವಾದ ಆಲೆ ಮರದ್ದು. ಚರಕಿಯ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗನ್ನು ಒತ್ತಿ, ಆ ಉಜ್ಜಾಟದ ಬಿಸಿಗೆ ಕರಗಿಸಿ ಮೆತ್ತುತ್ತಾರೆ. ಬಿಸಿಯಿಂದ ಕೂಡಿದ ಬಣ್ಣ ಬಿಸಿಗೇ ಹೆದರುತ್ತದೆ. ಮಾಳಿಗೆಯ ಕೆಳಗಿನ ಅಟ್ಟದಲ್ಲಿ ಬೇಸಗೆ ಕಳೆದರೆ ಅರಗು ಮೆದುವಾಗಿ, ಸುತ್ತಿದ ಕಾಗದದ ಅಕ್ಷರಗಳೇ ಬೊಂಬೆಯ ಮೈಮೇಲೆ ಅಚ್ಚಾಗುತ್ತವೆ. ಸ್ಪಿರಿಟ್ಟಿನಿಂದ ಒರೆಸಿದರಂತೂ ಅರಗೇ ಕರಗಿಹೋಗುತ್ತದೆ.

ಮಣ್ಣಿನ ಬೊಂಬೆಗಳು ಬಹುಪಾಲು ಮದುರೈ ಬಳಿಯ ವಿಳಾಚೇರಿಯವು. ಅಲ್ಲಿಯ ಕುಂಬಾರ ಮನೆತನಗಳು ತಲೆಮಾರುಗಳಿಂದ ಈ ಕಸುಬು ಮಾಡುತ್ತಿವೆ. ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಸುಟ್ಟು, ಬಿಳಿ ಬಳಿದು, ಅದರ ಮೇಲೆ ಬಣ್ಣ ಹಚ್ಚುತ್ತಾರೆ. ಮಣ್ಣು ಬೆಂಕಿಯನ್ನು ಕಂಡಿದೆ, ಬಣ್ಣ ಕಂಡಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆದ್ದರಿಂದ ತೇವ ತಗುಲಿದರೆ ಮೈ ಗಟ್ಟಿಯಾಗಿಯೇ ಇದ್ದರೂ ಬಣ್ಣ ಹೊಪ್ಪಳೆ ಹೊಪ್ಪಳೆಯಾಗಿ ಏಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಕಣ್ಣು ಮೂಗುಗಳೇ ಅಳಿದುಹೋಗುತ್ತವೆ. ಪಣ್ರುಟ್ಟಿಯ ಕಾಗದದ ಬೊಂಬೆಗಳು ಹಗುರ, ಬಿದ್ದರೆ ಬೇಗ ಒಡೆಯವು. ಆದರೆ ಕಾಗದವೂ ಅಂಟೂ ಸೇರಿದ ಈ ಬೊಂಬೆ ಗೆದ್ದಲಿಗೆ ಹಬ್ಬದೂಟ.

ತಾಯಿಯವರ ಕ್ರಮ

ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ಪಟ್ಟದ ಜೋಡಿಯಲ್ಲಿ ಒಂದನ್ನು ಮಲಗಿಸುವುದು ಸಂಪ್ರದಾಯ. ಮಾರನೆಯ ದಿನದಿಂದ ಕಟ್ಟುವ ಕೆಲಸ. ತಾಯಿಯವರು ಕೈಬಳೆಗಳನ್ನೂ ಉಂಗುರವನ್ನೂ ತೆಗೆದಿಟ್ಟು ಕುಳಿತುಕೊಳ್ಳುತ್ತಿದ್ದರು. ಬೊಂಬೆಯನ್ನು ಕತ್ತಿನಲ್ಲಾಗಲಿ ಕೈಯಲ್ಲಾಗಲಿ ಹಿಡಿಯಬಾರದು, ಬುಡಕ್ಕೆ ಅಂಗೈ ಕೊಟ್ಟು ಬೆನ್ನಿಗೆ ಇನ್ನೊಂದು ಕೈ ಆನಿಸಬೇಕು ಎಂಬುದು ನಮಗೆಲ್ಲ ಕಲಿಸಿದ ಮೊದಲ ಪಾಠ. ಹಳೆಯ ಮೆತ್ತನೆಯ ಕುಂಚದಿಂದ ಧೂಳು ಕೊಡವಿ, ತೊಳೆದು ತೊಳೆದು ಗಂಜಿ ಹೋದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಅದರ ಮೇಲೆ ವೃತ್ತಪತ್ರಿಕೆಯ ಹಾಳೆ ಸುತ್ತಿ, ಭಾರದವನ್ನು ಕೆಳಗೂ ಹಗುರದವನ್ನು ಮೇಲೂ ಮಲಗಿಸಿ ಇಡುತ್ತಿದ್ದರು. ಬಜೆಯ ಬೇರು, ಲವಂಗ, ಒಣಗಿಸಿದ ಬೇವಿನೆಲೆ, ಇವನ್ನು ಚಿಕ್ಕ ಚೀಲಗಳಲ್ಲಿ ಕಟ್ಟಿ ಮೂಲೆಗಿಡುತ್ತಿದ್ದರು. ಪೆಟ್ಟಿಗೆ ನೆಲಕ್ಕೂ ತಾಗದು, ಗೋಡೆಗೂ ತಾಗದು: ನಾಲ್ಕು ಇಟ್ಟಿಗೆಗಳ ಮೇಲೆ, ಗೋಡೆಯಿಂದ ಒಂದು ಗೇಣು ದೂರ.

ಪ್ರತಿಯೊಂದು ಪೊಟ್ಟಣದೊಳಗೂ ಒಂದು ಚೀಟಿ ಇರುತ್ತಿತ್ತು. ಬೊಂಬೆಯ ಹೆಸರು, ಕೊಟ್ಟವರು ಯಾರು, ಯಾವ ವರ್ಷ, ಎಂದು ಕನ್ನಡದಲ್ಲಿ ಬರೆದಿರುತ್ತಿದ್ದರು. ತಮಿಳು ಶಾಲೆಯಲ್ಲಿ ಓದಿದ ನಾನು ಕನ್ನಡದ ಅಕ್ಷರಗಳನ್ನು ಮೊದಲು ಕೂಡಿಸಿ ಓದಿದ್ದು ಯಾವ ಪುಸ್ತಕದಲ್ಲೂ ಅಲ್ಲ, ಆ ಚೀಟಿಗಳಲ್ಲಿ. ಮೇಲಿನ ಹಾಳೆಗಳಲ್ಲಿ ಕೆಲವು 'ತಾಯಿನಾಡು' ಪತ್ರಿಕೆಯವು, ತವರಿನಿಂದ ಬಂದವು, ಆಮೇಲಿನವು 'ದಿನಮಣಿ'. ಯಾವ ಬೊಂಬೆ ಯಾವ ಊರಿನಿಂದ ಯಾವ ಕಾಲಕ್ಕೆ ಬಂತೆಂಬುದನ್ನು ಆ ಹಾಳೆಗಳ ತಾರೀಕುಗಳೇ ಹೇಳುತ್ತಿದ್ದವು.

ಇನ್ನೊಂದು ವಿಷಯವನ್ನು ವಿಶೇಷವಾಗಿ ಹೇಳಬೇಕು. ಮೈಸೂರು ಸೀಮೆಯಲ್ಲಿ ನವರಾತ್ರಿ ಬರುವ ವೇಳೆಗೆ ಮುಂಗಾರಿನ ಆರ್ಭಟ ಇಳಿಯುತ್ತಿರುತ್ತದೆ. ದಿಂಡಿಗಲ್ಲಿನಲ್ಲಿ ಹಾಗಲ್ಲ. ಇಲ್ಲಿ ಮುಖ್ಯವಾದ ಮಳೆ ಈಶಾನ್ಯ ಮಾರುತದ್ದು, ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಎಂದರೆ ನಾವು ಬೊಂಬೆಗಳನ್ನು ಕಟ್ಟಿಡುವುದು ಗಾಳಿಯಲ್ಲಿ ನೀರು ತುಂಬಿಕೊಳ್ಳುವ ಹೊತ್ತಿಗೇ. ಬಟ್ಟೆಯೊಂದಿಗೆ, ಕಾಗದದೊಂದಿಗೆ ಆ ತೇವವನ್ನೂ ಸೇರಿಸಿ ಬೀಗ ಹಾಕುತ್ತೇವೆ. 1895ರಲ್ಲಿ ಪೆರಿಯಾರ್ ಅಣೆಕಟ್ಟಿನ ನೀರು ಹರಿದ ಮೇಲೆ ಗದ್ದೆಗಳಿಂದ ತುಂಬಿದ ಕಂಬಂ ಕಣಿವೆಯಲ್ಲಂತೂ ತೇವದ ಬಾಧೆ ಇನ್ನೂ ಹೆಚ್ಚು. ತವರಿನ ಕ್ರಮವನ್ನೇ ಇಲ್ಲಿಯೂ ಪಾಲಿಸಿದ ತಾಯಿಯವರು ಮೊದಲ ವರ್ಷಗಳಲ್ಲಿ ಕೆಲವು ಬೊಂಬೆಗಳನ್ನು ಬೂಷ್ಟಿಗೆ ಕಳೆದುಕೊಂಡರಂತೆ. ಅಂದಿನಿಂದ ಹೊಸದೊಂದು ಕ್ರಮ ಆರಂಭಿಸಿದರು. ಸಂಕ್ರಾಂತಿ ಕಳೆದು ಬಿಸಿಲು ಒಣಗಿದ ಒಂದು ದಿನ ಪೆಟ್ಟಿಗೆ ತೆರೆದು, ಎಲ್ಲವನ್ನೂ ಬಿಚ್ಚಿ, ಬಿಸಿಲಿಗಲ್ಲ, ನೆರಳಿನ ಗಾಳಿಗೆ ಒಂದು ಹಗಲು ಹರಡಿ, ಬಟ್ಟೆ ಚೀಲಗಳನ್ನು ಮಾತ್ರ ಬಿಸಿಲಿಗೆ ಹಾಕಿ, ಪುನಃ ಕಟ್ಟುತ್ತಿದ್ದರು. ವರ್ಷಕ್ಕೆ ಎರಡು ಸಲ ತೆರೆಯುವ ಕಾರಣ ಇದು. ಊರು ಬದಲಾದಾಗ ಪದ್ಧತಿಯನ್ನೂ ಆ ಊರಿನ ಮಳೆಗೆ ಹೊಂದಿಸಿಕೊಳ್ಳಬೇಕೆಂಬ ವಿವೇಕ ಅವರಿಗಿತ್ತು.

ನನ್ನ ತಪ್ಪು

ತಾಯಿಯವರು ತೀರಿಕೊಂಡ ವರ್ಷ ಪದ್ಧತಿಯಂತೆ ಬೊಂಬೆ ಕೂರಿಸಲಿಲ್ಲ. ಮರುವರ್ಷ ನನಗೆ ಬೇರೆ ಊರಿನ ಶಾಲೆಗೆ ವರ್ಗವಾಯಿತು. ಪೆಟ್ಟಿಗೆಯನ್ನು ಹಿಂದಿನ ಕೋಣೆಗೆ ಸರಿಸಿದೆವು. ಜಾಗ ಸಾಲದೆಂದು ಇಟ್ಟಿಗೆಗಳನ್ನು ತೆಗೆದು ಗೋಡೆಗೆ ಒತ್ತರಿಸಿ ಇಟ್ಟೆವು. ಹುಳು ಬಾರದಿರಲೆಂದು ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಗಿಯಾಗಿ ಹೊದಿಸಿ ಹಗ್ಗ ಕಟ್ಟಿದವನು ನಾನೇ. ಭದ್ರವಾಗಿದೆ ಎಂದು ನಂಬಿದೆ. ಹೀಗೆ ನಾಲ್ಕು ನವರಾತ್ರಿಗಳು ಕಳೆದವು.

ಸೊಸೆ ಮನೆಗೆ ಬಂದ ವರ್ಷ, ಅವಳು ಕೇಳಿದಳೆಂದು ಪೆಟ್ಟಿಗೆ ತೆರೆದೆವು. ಬೀಗ ಒಂದೇ ತಿರುವಿಗೆ ಬಿಚ್ಚಿಕೊಂಡಿತು. ಅದಕ್ಕೆ ಏನೂ ಆಗಿರಲಿಲ್ಲ. ಗೋಡೆಯ ಬುಡದಿಂದ ಹತ್ತಿದ ಗೆದ್ದಲು ಪೆಟ್ಟಿಗೆಯ ಹಿಂಭಾಗವನ್ನು ಕೊರೆದು ಒಳಗೆ ಮಣ್ಣಿನ ದಾರಿ ಕಟ್ಟಿತ್ತು. ಕಾಗದದ ಬೊಂಬೆಗಳು ಮುಟ್ಟಿದರೆ ಪುಡಿ. ಮಣ್ಣಿನ ದಶಾವತಾರದಲ್ಲಿ ಮತ್ಸ್ಯ, ಕೂರ್ಮ, ವಾಮನ ಮೂರಕ್ಕೆ ಮಾತ್ರ ಮುಖ ಉಳಿದಿತ್ತು. ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಬಿದ್ದ ತೇವದಿಂದ ಉಳಿದವುಗಳ ಬಣ್ಣವೆಲ್ಲ ಎದ್ದುಹೋಗಿತ್ತು. ಒಟ್ಟು 22 ಬೊಂಬೆಗಳು ನಷ್ಟವಾದವು. ಪಟ್ಟದ ಜೋಡಿ ಮಾತ್ರ ರೇಷ್ಮೆ ಹರಿದುಹೋದ ಬರಿಮೈಯಲ್ಲಿ ಮೊದಲಿನಂತೆಯೇ ಇತ್ತು.

ಆದರೆ ನಿಜವಾದ ನಷ್ಟ ಅರಿವಾದದ್ದು ಸಂಜೆ, ಉಳಿದವನ್ನು ಮೆಟ್ಟಿಲ ಮೇಲೆ ಜೋಡಿಸಲು ಹೊರಟಾಗ. ಚೀಟಿಗಳು ಒಂದೂ ಉಳಿದಿರಲಿಲ್ಲ. "ಮಾವ, ಇದು ಯಾರು ಕೊಟ್ಟದ್ದು?" ಎಂದು ಸೊಸೆ ಒಂದೊಂದನ್ನೇ ಎತ್ತಿ ಕೇಳಿದಳು. ನಾನು ಬಹಳಷ್ಟಕ್ಕೆ ಉತ್ತರ ಹೇಳಲಾರದೆ ಹೋದೆ. ಅರವತ್ತು ವರ್ಷ ಆ ಬೊಂಬೆಗಳ ಮುಂದೆ ಕುಳಿತು ಸುಂಡಲ್ ತಿಂದವನು! ಬೊಂಬೆ ಉಳಿದರೂ ಅದರ ಹೆಸರು ಹೋದರೆ ಅದು ಅಂಗಡಿಯ ಸಾಮಾನಿಗೆ ಸಮ.

ಬೋಡಿನಾಯಕನೂರಿನಲ್ಲಿದ್ದ ನನ್ನ ಸೋದರತ್ತೆಯವರಿಗೆ ಆಗ ಎಂಬತ್ತೆಂಟು ವಯಸ್ಸು, ಕಣ್ಣು ಮಂದ. ಉಳಿದ 41 ಬೊಂಬೆಗಳನ್ನೂ ಬುಟ್ಟಿಗಳಲ್ಲಿ ತುಂಬಿಕೊಂಡು ಅವರ ಬಳಿಗೆ ಹೋದೆವು. ಅವರು ಒಂದೊಂದನ್ನೂ ತಡವಿ ನೋಡಿ, "ಇದು ನಿನ್ನ ಅಕ್ಕ ಹುಟ್ಟಿದ ವರ್ಷ ತಂದದ್ದು," "ಇದರ ಕಿವಿ ಮುರಿದವನು ನೀನೇ ಕಣೋ" ಎನ್ನುತ್ತ ಹೋದರು. ಸೊಸೆ ಬರೆದುಕೊಂಡಳು. ಮೂವತ್ತೇಳಕ್ಕೆ ಹೆಸರು ಸಿಕ್ಕಿತು. ನಾಲ್ಕು ಬೊಂಬೆಗಳ ಕಥೆ ಅವರಿಗೂ ನೆನಪಾಗಲಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ಅತ್ತೆಯವರೂ ತೀರಿಕೊಂಡರು.

ಶಾಸ್ತ್ರ ಏನು ಹೇಳುತ್ತದೆ

ಪುರಾತನ ವಸ್ತುಗಳ ಸಂರಕ್ಷಣೆ ಇಂದು ಬೆಳೆದಿರುವ ಒಂದು ಶಾಸ್ತ್ರ. ಲಖನೌದಲ್ಲಿರುವ ರಾಷ್ಟ್ರೀಯ ಸಾಂಸ್ಕೃತಿಕ ಸ್ವತ್ತುಗಳ ಸಂರಕ್ಷಣಾ ಪ್ರಯೋಗಾಲಯಕ್ಕೆ ನಮ್ಮ ಮೈಸೂರಿನಲ್ಲಿಯೇ ಒಂದು ಪ್ರಾದೇಶಿಕ ಶಾಖೆಯುಂಟು. ಈ ಶಾಸ್ತ್ರದ ಮಾತುಗಳನ್ನು ತಾಯಿಯವರ ಕ್ರಮದೊಂದಿಗೆ ಹೋಲಿಸಿದಾಗ ಬಹಳಷ್ಟು ಒಂದೇ ಆಗಿರುವುದನ್ನು ಕಂಡು ಬೆರಗಾದೆ. ಕೆಲವನ್ನು ತಿದ್ದಿಕೊಳ್ಳಬೇಕೆಂಬುದನ್ನೂ ಅರಿತೆ.

ಮೊದಲನೆಯದಾಗಿ, ತೇವ ಹೆಚ್ಚಿದ್ದರೆ ಬೂಷ್ಟು, ತೀರ ಕಡಿಮೆಯಾದರೆ ಮರದ ಬಿರುಕು. ಎರಡಕ್ಕಿಂತಲೂ ಹಾನಿಕರ ಒಮ್ಮೆ ಏರಿ ಒಮ್ಮೆ ಇಳಿಯುವುದು. ಆದ್ದರಿಂದ ಬೊಂಬೆಗೆ ಅಟ್ಟವೂ ಬೇಡ, ನೆಲದ ಕೋಣೆಯ ಹೊರಗೋಡೆಯ ಮಗ್ಗುಲೂ ಬೇಡ. ಮನೆಯ ಮಧ್ಯದ, ನಾವು ದಿನವೂ ಓಡಾಡುವ ಕೋಣೆಯೇ ಲೇಸು. ಪ್ಲಾಸ್ಟಿಕ್ಕನ್ನು ಬಿಗಿದು ಸುತ್ತಬಾರದು, ಬಟ್ಟೆ ಉಸಿರಾಡುತ್ತದೆ, ಪ್ಲಾಸ್ಟಿಕ್ ಉಸಿರು ಕಟ್ಟಿಸುತ್ತದೆ.

ಎರಡನೆಯದಾಗಿ, ವೃತ್ತಪತ್ರಿಕೆಯ ಕಾಗದದಲ್ಲಿ ಆಮ್ಲದ ಅಂಶವಿದೆ. ವರ್ಷಗಳು ಕಳೆದಂತೆ ಅದು ಹಳದಿಯಾಗಿ ಪುಡಿಯಾಗುವುದು ಇದರಿಂದಲೇ. ಅದು ಬೊಂಬೆಯ ಬಣ್ಣಕ್ಕೂ ಉಡುಗೆಗೂ ಕೇಡು. ಚೆನ್ನಾಗಿ ಒಗೆದ, ಬಣ್ಣವಿಲ್ಲದ ಹತ್ತಿಯ ಬಟ್ಟೆಯೇ ಸಾಕು. ಆದರೆ ಹಳೆಯ ಹಾಳೆಗಳನ್ನು ಬಿಸಾಡಬೇಡಿ. ಬಿಡಿಸಿ, ಚಪ್ಪಟೆ ಮಾಡಿ, ಯಾವ ಬೊಂಬೆಯ ಮೇಲಿತ್ತೆಂದು ಬರೆದು ಬೇರೆಯಾಗಿ ಇಡಿ. ಬೊಂಬೆಯ ಮೈಗೆ ಕೇಡಾದದ್ದು ಅದರ ಚರಿತ್ರೆಗೆ ಸಾಕ್ಷಿಯಾಗಬಲ್ಲದು.

ಮೂರನೆಯದಾಗಿ, ನುಸಿಗುಳಿಗೆ ಬೊಂಬೆಗೆ ತಾಗುವಂತಿರಬಾರದು. ಅದರ ಆವಿ ಮನುಷ್ಯರಿಗೂ ಒಳ್ಳೆಯದಲ್ಲ, ಕೆಲವು ಬಗೆಯ ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಬೇವಿನೆಲೆ, ಬಜೆ ಸಾಕೆನ್ನುವವರೂ ಒಂದು ಮಾತು ನೆನಪಿಡಬೇಕು: ಪೂರ್ತಿ ಒಣಗದ ಎಲೆಯೇ ಹುಳುವಿಗೂ ಬೂಷ್ಟಿಗೂ ಮನೆಯಾಗುತ್ತದೆ, ಕಲೆಯನ್ನೂ ಬಿಡುತ್ತದೆ. ಇವೆಲ್ಲಕ್ಕಿಂತ ಹೆಚ್ಚಿನ ಔಷಧ ಕಣ್ಣು. ಮರದ ಬೊಂಬೆಯ ಕೆಳಗೆ ನುಣುಪಾದ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳುವಿದೆ ಎಂದೇ ಅರ್ಥ. ಅಂಥದನ್ನು ಆ ಕ್ಷಣವೇ ಉಳಿದವುಗಳಿಂದ ಬೇರ್ಪಡಿಸಬೇಕು.

ನಾಲ್ಕನೆಯದಾಗಿ, ಹಳೆಯ ಬೊಂಬೆಗೆ ಅಂಗಡಿಯ ಎನಾಮಲ್ ಬಣ್ಣ ಬಳಿಯಬಾರದು. ನವರಾತ್ರಿಗೆ ಮುಂಚೆ ಎಲ್ಲಕ್ಕೂ ಹೊಸ ಬಣ್ಣ ಹೊಡೆಸಿ ಲಕಲಕಿಸುವಂತೆ ಮಾಡುವ ಉತ್ಸಾಹ ಎಷ್ಟೋ ಮನೆಗಳಲ್ಲಿದೆ. ಕೆಳಗಿರುವ ಹಳೆಯ ಕುಶಲಕರ್ಮಿಯ ಕೈಗೆಲಸ ಅದರೊಂದಿಗೆ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಇನ್ನೊಂದು ಎಚ್ಚರಿಕೆ: ಹಿಂದಿನ ಬಣ್ಣಗಳಲ್ಲಿ ಇಂಗುಳಿಕ, ಹರಿದಳಗಳೂ ಇದ್ದವು. ಮೊದಲನೆಯದರಲ್ಲಿ ಪಾದರಸ, ಎರಡನೆಯದರಲ್ಲಿ ಶಂಖಪಾಷಾಣದ ಅಂಶ. ಬಹಳ ಹಳೆಯ ಬಣ್ಣದ ಬೊಂಬೆಗಳನ್ನು ಮಕ್ಕಳ ಬಾಯಿಗೆ ಸಿಗದಂತೆ ಇಟ್ಟು, ಮುಟ್ಟಿದ ಮೇಲೆ ಕೈ ತೊಳೆಯಬೇಕು.

ಬೆಂಕಿಯ ಮಾತನ್ನೂ ಮರೆಯಬಾರದು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. 1912ರಲ್ಲಿ ಪೂರ್ಣವಾದ ಇಂದಿನ ಅರಮನೆಯ ಬೊಂಬೆ ತೊಟ್ಟಿಯಲ್ಲಿ ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನದ ಆರಂಭದ ಬೊಂಬೆಗಳನ್ನು ನೀವೆಲ್ಲ ನೋಡಿರುತ್ತೀರಿ. ಅರಮನೆಗೇ ತಪ್ಪದ ಅಪಾಯ ನಮ್ಮ ಮನೆಗಳಿಗೆ ದೂರವಲ್ಲ. ಕಾಗದ, ಬಟ್ಟೆ, ಒಣ ಮರಗಳ ಮೆಟ್ಟಿಲ ಬಳಿ ದೀಪವನ್ನು ಒಂದು ಮಾರು ದೂರವೇ ಇಡಿ. ಸಾಲು ಬಲ್ಬುಗಳನ್ನು ಬೊಂಬೆಗೆ ತಾಗಿಸಬೇಡಿ.

ಕಡತವೂ ಕಾಪೇ

ದೆಹಲಿಯ ಶಂಕರ್ ಅಂತರರಾಷ್ಟ್ರೀಯ ಬೊಂಬೆಗಳ ವಸ್ತುಸಂಗ್ರಹಾಲಯವನ್ನು ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆಯವರು 1965ರಲ್ಲಿ ಆರಂಭಿಸಿದರು. ಅಂಥ ಕಡೆ ಬೊಂಬೆಯ ಪಕ್ಕದಲ್ಲಿ ಅದು ಯಾವ ದೇಶದ್ದೆಂಬ ಫಲಕವಿರುತ್ತದೆ. ಆ ಫಲಕದಿಂದಲೇ ಬೊಂಬೆ ಚರಿತ್ರೆಯಾಗುತ್ತದೆ. ನಮ್ಮ ಮನೆಗಳಲ್ಲಿ ಆ ಫಲಕದ ಕೆಲಸ ಮಾಡಿದವರು ಅಜ್ಜಿಯರು, ಬಾಯಿಮಾತಿನಲ್ಲಿ. ಅವರೊಂದಿಗೆ ಅದೂ ಹೋಗುತ್ತಿದೆ.

ಆದ್ದರಿಂದ ಒಂದು ನೋಟುಪುಸ್ತಕ ಇಡಿ. ಪ್ರತಿ ಬೊಂಬೆಗೆ ಒಂದು ಸಂಖ್ಯೆ ಕೊಡಿ. ಸಂಖ್ಯೆಯನ್ನು ಬೊಂಬೆಯ ಮೈಮೇಲೆ ಬರೆಯದೆ, ದಾರ ಕಟ್ಟಿದ ಬಟ್ಟೆಯ ತುಂಡಿನ ಮೇಲೆ ಬರೆಯಿರಿ. ಪುಸ್ತಕದಲ್ಲಿ ಅದರ ಹೆಸರು, ವಸ್ತು, ಎತ್ತರ, ಊರು, ಕೊಟ್ಟವರು, ವರ್ಷ, ಆದ ಬಿರುಕು, ಮಾಡಿಸಿದ ದುರಸ್ತಿ, ಇಷ್ಟನ್ನು ಬರೆದು ಒಂದು ಭಾವಚಿತ್ರ ಅಂಟಿಸಿ. ಆ ಪುಸ್ತಕ ಪೆಟ್ಟಿಗೆಯೊಳಗೆ ಬೇಡ. ನಮ್ಮ ಚೀಟಿಗಳಿಗಾದ ಗತಿ ಅದಕ್ಕೂ ಆದೀತು. ಮಕ್ಕಳು ಪರದೇಶದಲ್ಲಿದ್ದರೆ ಅದರ ಪ್ರತಿ ಅವರ ಬಳಿಯೂ ಇರಲಿ. ಬೊಂಬೆಗಳನ್ನೇ ಕಳುಹಿಸುವ ಯೋಚನೆಯಿದ್ದರೆ ಕಾನೂನನ್ನು ವಿಚಾರಿಸಿಕೊಳ್ಳಿ: 1972ರ ಪುರಾವಸ್ತು ಅಧಿನಿಯಮದ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ, ರಕ್ತಚಂದನದ ಸಾಗಾಟಕ್ಕಂತೂ ಪ್ರತ್ಯೇಕ ನಿರ್ಬಂಧಗಳಿವೆ.

ಸಂಪ್ರದಾಯವೆಂದು ನಾವು ಕರೆಯುವ ನವರಾತ್ರಿಯ ಈ ಏರ್ಪಾಡು ಒಂದು ಸಂರಕ್ಷಣೆಯ ವ್ಯವಸ್ಥೆಯೂ ಆಗಿತ್ತೆಂಬುದು ನನ್ನ ಅನುಭವದ ಸಾರ. ವರ್ಷಕ್ಕೊಮ್ಮೆ ಪೆಟ್ಟಿಗೆ ತೆರೆಯಲೇಬೇಕು, ಒಂದೊಂದನ್ನೂ ಕೈಗೆತ್ತಿಕೊಳ್ಳಲೇಬೇಕು, ಬಂದ ಮುತ್ತೈದೆಯರು, ಮಕ್ಕಳು ಕೇಳಲೇಬೇಕು, ಮನೆಯಾಕೆ ಹೇಳಲೇಬೇಕು. ಗಾಳಿ, ಕಣ್ಣು, ಮಾತು ಮೂರೂ ಒಟ್ಟಿಗೆ ಬೊಂಬೆಗೆ ತಗುಲುತ್ತಿದ್ದವು. ಅದನ್ನು ನಿಲ್ಲಿಸಿ ಬೀಗದ ಮೇಲೆ ಭಾರ ಹಾಕಿದ್ದು ನನ್ನ ತಪ್ಪು. ಮನೆಮಾತಿನ ವಿಷಯದಲ್ಲಿಯೂ ನಾವು ದಿಂಡಿಗಲ್ ಕನ್ನಡಿಗರು ಇದೇ ತಪ್ಪು ಮಾಡದಿದ್ದರೆ ಸಾಕು. ಭದ್ರವಾಗಿದೆ ಎಂದು ಒಳಗಿಟ್ಟದ್ದಲ್ಲ, ಹೊರಗೆ ತೆಗೆದು ಬಳಸಿದ್ದು ಉಳಿಯುತ್ತದೆ.

ಈಗ ನಮ್ಮ ಮನೆಯಲ್ಲಿ ಬೀಗದಕೈ ಸೊಸೆಯ ಬಳಿಯಿದೆ. ಸಂಕ್ರಾಂತಿಯ ನಂತರದ ಭಾನುವಾರ ಬೊಂಬೆಗಳು ನೆರಳಿಗೆ ಬರುತ್ತವೆ. ಮೊಮ್ಮಗಳು ನೋಟುಪುಸ್ತಕ ಹಿಡಿದು ಹೆಸರು ಓದುತ್ತಾಳೆ. ಅಕ್ಷರ ತಪ್ಪಿದರೆ ತಿದ್ದುವುದು ನನ್ನ ಪಾಲಿನ ಕೆಲಸ. ಹೆಸರು ಸಿಗದ ಆ ನಾಲ್ಕು ಬೊಂಬೆಗಳ ಎದುರಿನ ಸಾಲು ಇಂದಿಗೂ ಖಾಲಿಯಿದೆ. ನಿಮ್ಮ ಮನೆಯ ಪುಸ್ತಕದಲ್ಲಿ ಅಂಥ ಖಾಲಿ ಸಾಲು ಬಾರದಂತೆ, ಮನೆಯ ಹಿರಿಯರು ಇರುವಾಗಲೇ ಅವರ ಮುಂದೆ ಪೆಟ್ಟಿಗೆ ತೆರೆದು ಕುಳಿತುಕೊಳ್ಳಿರೆಂದು ಸಂಘದ ಎಲ್ಲ ಬಂಧುಗಳಲ್ಲಿ ವಿನಂತಿಸುತ್ತೇನೆ.